ಹನ್ನೆರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಅಮ್ಮನ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಹಳ್ಳಿ. ಎರಡೂವರೆ ಎಕರೆ ಕಾಫಿ, ಸ್ವಲ್ಪ ಗದ್ದೆ ಇದೆ. ತಾಯಿಗೆ 54 ವರ್ಷ. ಐದು ತಿಂಗಳಿಂದ ಎದೆ ಹಿಡಿದಂತಾಗುತ್ತದೆ, ಮೈ ಭಾರ, ನಿದ್ದೆ ಇಲ್ಲ ಎನ್ನುತ್ತಿದ್ದರು. ಈ ಸಲದ ಕೊಯ್ಲಿಗೂ ತೋಟದ ಕಡೆ ಹೋಗಲಿಲ್ಲ. ಹಾಸನದಲ್ಲಿ ಇ.ಸಿ.ಜಿ., ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮಾಡಿಸಿದೆವು, ಏನೂ ತೊಂದರೆ ಇಲ್ಲ ಎಂದರು. ಕೊನೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒಂಬತ್ತು ಪ್ರಶ್ನೆ ಕೇಳಿ, 16 ಅಂಕ ಬಂದಿದೆ, ಇದು ಖಿನ್ನತೆ ಎಂದು ಎಸಿಟಾಲೋಪ್ರಾಂ ಮಾತ್ರೆ ಬರೆದರು. ಒಂದು ವಾರ 5 ಮಿಲಿಗ್ರಾಂ, ಆಮೇಲೆ 10. ಹನ್ನೆರಡು ದಿನವಾಯಿತು, ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಬದಲಾಗಿಲ್ಲ. ಸೋದರಮಾವ ‘ಅದು ತಲೆ ಕೆಟ್ಟವರಿಗೆ ಕೊಡುವ ಮಾತ್ರೆ, ಒಮ್ಮೆ ಹಿಡಿದರೆ ಬಿಡೋಕಾಗಲ್ಲ’ ಎನ್ನುತ್ತಾರೆ. ಇಂಥ ಮಾತ್ರೆಗಳಿಂದ ಉಪಯೋಗವಿಲ್ಲ ಎಂದು ಸಂಶೋಧನೆಯೇ ಹೇಳಿದೆ ಎಂಬ ವಿಡಿಯೊ ಕೂಡ ನೋಡಿದೆ. ತಜ್ಞರಲ್ಲದ ವೈದ್ಯರು ಇದನ್ನು ಕೊಡಬಹುದೇ? ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಹನ್ನೆರಡು ದಿನಕ್ಕೆ ಈ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಎಂದು ಯಾರಿಂದಲೂ ಹೇಳಲಾಗದು. ಆದರೆ ಹೊಟ್ಟೆ ತೊಳಸುತ್ತಿರುವ ವಿಷಯವನ್ನು ಈ ವಾರದಲ್ಲೇ ಅದೇ ವೈದ್ಯರಿಗೆ ತಿಳಿಸಿ. ಊಟದ ನಂತರ ನುಂಗುವುದರಿಂದ, ಅಗತ್ಯವಿದ್ದರೆ ಕೆಲವು ದಿನ ಮತ್ತೆ 5 ಮಿಲಿಗ್ರಾಂಗೆ ಇಳಿಸುವುದರಿಂದ, ಈ ತೊಂದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಕಡಿಮೆಯಾಗುತ್ತದೆ. ಪ್ರಮಾಣ ಇಳಿಸುವ ತೀರ್ಮಾನ ವೈದ್ಯರದಾಗಿರಲಿ.

ಮೊದಲು ರೋಗನಿರ್ಣಯದ ಮಾತು. ಆ ಒಂಬತ್ತು ಪ್ರಶ್ನೆಗಳ ಪಟ್ಟಿಗೆ ಪಿಎಚ್‌ಕ್ಯೂ-9 ಎಂದು ಹೆಸರು. ಅದರ ಒಟ್ಟು ಅಂಕ 27, ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಖಿನ್ನತೆಯ ಬಗ್ಗೆ ಗಂಭೀರವಾಗಿ ವಿಚಾರಿಸಬೇಕು, 15ರಿಂದ 19ರ ನಡುವೆ ಇದ್ದರೆ ಮಧ್ಯಮಕ್ಕಿಂತ ತೀವ್ರವಾದ ಖಿನ್ನತೆ ಎಂದು ಪರಿಗಣಿಸುತ್ತಾರೆ. ನಿಮ್ಮ ತಾಯಿಯವರ 16 ಆ ಗುಂಪಿಗೆ ಸೇರುತ್ತದೆ. ಅಂಕವೊಂದೇ ರೋಗನಿರ್ಣಯವಲ್ಲ, ಆದರೆ ಐದು ತಿಂಗಳ ನಿದ್ರಾಹೀನತೆ, ತೋಟದ ಕೆಲಸದ ಮೇಲೆ ಮನಸ್ಸು ಹೋಗದಿರುವುದು, ಪರೀಕ್ಷೆಗಳಲ್ಲಿ ಬೇರೆ ಕಾರಣ ಸಿಗದಿರುವುದು ಇವನ್ನೆಲ್ಲ ಜೊತೆಗಿಟ್ಟು ನೋಡಿದರೆ ವೈದ್ಯರು ಹೇಳಿದ್ದು ಸರಿಯಾಗಿದೆ ಎಂದೇ ನನಗೆ ತೋರುತ್ತದೆ. ಈ ಭಾಗದಲ್ಲಿ ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳಿಕೊಂಡು ಬರುವವರು ಬಹಳ ಕಡಿಮೆ. ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ನೆತ್ತಿ ಉರಿ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ ಎನ್ನುತ್ತಾ ಬರುತ್ತಾರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ವರದಿಗಳಿರುತ್ತವೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿವೆಯೇ ಎಂದು ಮಾತ್ರ ವರದಿಗಳಲ್ಲಿ ನೋಡಿಕೊಳ್ಳಿ, ಆಗಿಲ್ಲದಿದ್ದರೆ ಮಾಡಿಸಿ.

ತಜ್ಞರಲ್ಲದ ವೈದ್ಯರು ಕೊಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಕೊಡಬಹುದು, ಮತ್ತು ಆ ದಾರಿಯನ್ನು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮದೇ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರಿನ ಸಮೀಪದಲ್ಲೇ ಚಿಕಿತ್ಸೆ ಸಾಧ್ಯವೆಂದು ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಅನುಭವದಿಂದಲೇ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ, ಖಿನ್ನತೆಯಿದ್ದವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಷ್ಟು ಜನರನ್ನು ಬೆರಳೆಣಿಕೆಯ ಮನೋವೈದ್ಯರು ನೋಡಿ ಮುಗಿಸಲಾಗದು. ಊರಿನ ವೈದ್ಯರೊಬ್ಬರು ಸಾಲಿನಲ್ಲಿ ನಿಂತ ನೂರು ಜನರ ನಡುವೆ ನಿಮ್ಮ ತಾಯಿಯನ್ನು ಕೂರಿಸಿಕೊಂಡು ಒಂಬತ್ತು ಪ್ರಶ್ನೆ ಕೇಳಿದ್ದಾರೆಂದರೆ, ಅವರ ಬಗ್ಗೆ ನನಗೆ ಗೌರವ ಮೂಡುತ್ತದೆ.

ಇನ್ನು ವಿಡಿಯೊದ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ.

ಖಿನ್ನತೆ ನಿವಾರಕ ಮಾತ್ರೆಗಳ ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ತಜ್ಞರ ಆಸ್ಪತ್ರೆಗಳಿಗೆ ಬಂದ, ಕಾಯಿಲೆ ಬಲಿತಿದ್ದ ರೋಗಿಗಳ ಮೇಲೆ ನಡೆದವು. ಊರಿನ ಕ್ಲಿನಿಕ್ಕಿಗೆ ಬರುವವರು ಅಂಥವರೇ ಆಗಿರುವುದಿಲ್ಲ. ಕೆಲವರಿಗೆ ಕಾಯಿಲೆ ಲಘುವಾಗಿರುತ್ತದೆ, ಕೆಲವರಿಗೆ ಖಿನ್ನತೆಗಿಂತ ಆತಂಕವೇ ಹೆಚ್ಚು, ಕೆಲವರಿಗೆ ಮಾತ್ರೆ ಬೇಕೋ ಬೇಡವೋ ಎಂಬುದು ವೈದ್ಯರಿಗೂ ಖಚಿತವಿರುವುದಿಲ್ಲ. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್, ಲಿವರ್‌ಪೂಲ್, ಲಂಡನ್, ಯಾರ್ಕ್ ನಗರಗಳ ಸುತ್ತಲಿನ ಕುಟುಂಬ ವೈದ್ಯರ ಕ್ಲಿನಿಕ್ಕುಗಳಲ್ಲಿ ಇಂಥವರನ್ನೇ ಆಯ್ದುಕೊಂಡು ‘ಪಾಂಡಾ’ ಎಂಬ ಅಧ್ಯಯನ ನಡೆಯಿತು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 655 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸೆರ್ಟ್ರಾಲಿನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧಾಂಶವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಹೋಗಿದೆ ಎಂಬುದು ರೋಗಿಗೂ ತಿಳಿದಿರಲಿಲ್ಲ, ವೈದ್ಯರಿಗೂ ತಿಳಿದಿರಲಿಲ್ಲ. ಸೆರ್ಟ್ರಾಲಿನ್ ನಿಮ್ಮ ತಾಯಿಯವರು ನುಂಗುತ್ತಿರುವ ಎಸಿಟಾಲೋಪ್ರಾಂನ ಗುಂಪಿಗೇ ಸೇರಿದ ಔಷಧಿ.

ಆರನೆಯ ವಾರದಲ್ಲಿ ಖಿನ್ನತೆಯ ಅಂಕಗಳನ್ನು ಹೋಲಿಸಿದಾಗ ಎರಡು ಗುಂಪುಗಳ ನಡುವೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ವಿಡಿಯೊ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅದೇ ಆರನೆಯ ವಾರದಲ್ಲಿ ಸೆರ್ಟ್ರಾಲಿನ್ ನುಂಗಿದವರ ಆತಂಕದ ಅಂಕ ಹುಸಿ ಮಾತ್ರೆಯವರಿಗಿಂತ ಶೇಕಡ 21ರಷ್ಟು ಕಡಿಮೆಯಾಗಿತ್ತು. ‘ಮೊದಲಿಗಿಂತ ವಾಸಿ’ ಎಂದು ತಾವಾಗಿ ಹೇಳುವ ಸಾಧ್ಯತೆ ಅವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಹನ್ನೆರಡನೆಯ ವಾರದ ಹೊತ್ತಿಗೆ ಖಿನ್ನತೆಯ ಅಂಕದಲ್ಲೂ ಶೇಕಡ 13ರಷ್ಟು ವ್ಯತ್ಯಾಸ ಕಾಣಿಸಿತು, ಅದು ಸಣ್ಣದೇ ಆದರೂ. ಒಟ್ಟಿನಲ್ಲಿ ಮೊದಲು ಸಡಿಲವಾಗುವುದು ಗಾಬರಿ, ಚಡಪಡಿಕೆ, ಎದೆ ಹಿಡಿತ. ಬೇಸರ, ನಿರುತ್ಸಾಹಗಳು ನಿಧಾನವಾಗಿ ಅದರ ಹಿಂದೆ ಬರುತ್ತವೆ.

ಈ ಅಂಕಿಗಳನ್ನು ಓದಿದಾಗ ನನಗೆ ನೆನಪಾದದ್ದು ಸಕಲೇಶಪುರದ ಕಡೆಯ ತೋಟವೊಂದರ ಲೈನ್ ಮನೆಯಲ್ಲಿದ್ದ ಒಬ್ಬ ಹೆಂಗಸು. ಆರು ವಾರ ಮಾತ್ರೆ ನುಂಗಿ ಬಂದವರು, ಹೇಗಿದ್ದೀರಿ ಎಂದು ಕೇಳಿದರೆ ‘ಏನೂ ಗುಣ ಇಲ್ಲ ಸಾರ್’ ಎಂದರು. ಸಂಜೆ ಹೊತ್ತು ಎದೆ ಹಿಡಿದುಕೊಳ್ಳುವುದು ಹೇಗಿದೆ ಎಂದು ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅದು ಬಂದು ಹತ್ತು ದಿನ ಆಗಿರಬೇಕು, ಮರೆತೇ ಹೋಗಿತ್ತು. ಮನಸ್ಸು ಮಾತ್ರ ಹಂಗೇ ಐತೆ’ ಎಂದರು. ಕೇಳದೇ ಹೋಗಿದ್ದರೆ ಅಂದೇ ಮಾತ್ರೆ ನಿಂತುಹೋಗುತ್ತಿತ್ತು. ಮೂರನೆಯ ತಿಂಗಳಲ್ಲಿ ಅವರು ಮತ್ತೆ ಮೆಣಸು ಬಿಡಿಸಲು ಹೋಗುತ್ತಿದ್ದರು. ಒಬ್ಬರ ಅನುಭವ ಪುರಾವೆಯಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಏನನ್ನು ಗಮನಿಸಬೇಕು ಎಂಬುದನ್ನು ಅದು ನಿಮಗೆ ತಿಳಿಸುತ್ತದೆ. ಆದ್ದರಿಂದ ‘ಅಮ್ಮ ನಗುತ್ತಿದ್ದಾರೆಯೇ’ ಎಂದು ದಿನವೂ ಕಾಯಬೇಡಿ. ರಾತ್ರಿ ಎಷ್ಟು ಸಲ ಎದ್ದು ಕೂರುತ್ತಾರೆ, ಎದೆ ಹಿಡಿಯಿತೆಂದು ವಾರಕ್ಕೆ ಎಷ್ಟು ಸಲ ಹೇಳುತ್ತಾರೆ, ಸಣ್ಣ ಶಬ್ದಕ್ಕೆ ಬೆಚ್ಚಿಬೀಳುವುದು ಕಡಿಮೆಯಾಗಿದೆಯೇ, ಇಷ್ಟನ್ನು ಕ್ಯಾಲೆಂಡರಿನ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ.

ವ್ಯಾಪಕವಾದ ಪುರಾವೆಯೂ ಇದೆ. 2018ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರಿಯಾ ಸಿಪ್ರಿಯಾನಿ ಮತ್ತು ಸಂಗಡಿಗರು 21 ಬಗೆಯ ಖಿನ್ನತೆ ನಿವಾರಕಗಳ ಮೇಲೆ ನಡೆದ 522 ಪ್ರಯೋಗಗಳನ್ನು, ಅಂದರೆ ಒಂದು ಲಕ್ಷ ಹದಿನಾರು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು, ಒಟ್ಟುಗೂಡಿಸಿ ಪರಿಶೀಲಿಸಿದರು. ಇಪ್ಪತ್ತೊಂದೂ ಹುಸಿ ಮಾತ್ರೆಗಿಂತ ಹೆಚ್ಚು ಪರಿಣಾಮಕಾರಿಯಾಗಿದ್ದವು. ಆದರೆ ಸರಾಸರಿ ಪ್ರಯೋಜನ ಸಾಧಾರಣ ಮಟ್ಟದ್ದು, ಮತ್ತು ಹೆಚ್ಚಿನ ಪ್ರಯೋಗಗಳು ಎಂಟು ವಾರದ ಆಸುಪಾಸಿನವು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2022ರಲ್ಲಿ ಇನ್ನೊಂದು ವಿಮರ್ಶೆ, ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗುವುದರಿಂದಲೇ ಖಿನ್ನತೆ ಬರುತ್ತದೆ ಎಂಬ ಹಳೆಯ ವಿವರಣೆಗೆ ಗಟ್ಟಿಯಾದ ಆಧಾರವಿಲ್ಲ ಎಂದಿತು. ನಾವು ವೈದ್ಯರು ಆ ವಿವರಣೆಯನ್ನು ಬಹಳ ವರ್ಷ ಸಲೀಸಾಗಿ ಹೇಳಿಕೊಂಡು ಬಂದದ್ದು ತಪ್ಪೇ. ಆದರೆ ಮಾತ್ರೆ ಏಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ಸಡಿಲವಾದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ ಎಂದಾಗುವುದಿಲ್ಲ. ಕೆಲಸ ಮಾಡುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಹುಸಿ ಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗಗಳು.

ಲಘುವಾದ ಖಿನ್ನತೆಗೆ ಮೊದಲೇ ಮಾತ್ರೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೇಳುತ್ತದೆ. ನಿಮ್ಮ ತಾಯಿಯವರ ಅಂಕ 8 ಅಥವಾ 9 ಇದ್ದಿದ್ದರೆ, ಮಾತನಾಡಿಸಿ, ಎರಡು ವಾರ ಕಾದು ನೋಡೋಣ ಎಂದೇ ನಾನೂ ಹೇಳುತ್ತಿದ್ದೆ. ಅವರ ಸ್ಥಿತಿ ಅದಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಇದರ ಪುರಾವೆ ನಮಗೆ ಹತ್ತಿರದ ಗೋವಾದಿಂದ ಬಂದದ್ದು. ಅಲ್ಲಿ ಸಾಮಾನ್ಯ ಹೊರರೋಗಿ ವಿಭಾಗಕ್ಕೆ ಬಂದ, ಖಿನ್ನತೆ ಮತ್ತು ಆತಂಕದಿಂದ ಬಳಲುತ್ತಿದ್ದ 450 ಮಂದಿಯ ಮೇಲೆ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಫ್ಲುಯೊಕ್ಸೆಟಿನ್ ಎಂಬ ಖಿನ್ನತೆ ನಿವಾರಕ ನುಂಗಿದವರು ಎರಡನೆಯ ತಿಂಗಳಲ್ಲಿ ಹುಸಿ ಮಾತ್ರೆಯವರಿಗಿಂತ ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು, ಆದರೆ ಆ ಅಂತರ ಮುಂದೆ ಉಳಿಯಲಿಲ್ಲ. ಬರೀ ಮಾತ್ರೆ ಬರೆದುಕೊಟ್ಟು ಕಳಿಸಿದರೆ ಸಾಲದು ಎಂಬುದನ್ನು ನಾನು ಇದರಿಂದ ಅರ್ಥಮಾಡಿಕೊಂಡೆ. ಮುಂದೆ ಅದೇ ತಂಡ 12 ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ 12 ಖಾಸಗಿ ಕ್ಲಿನಿಕ್ಕುಗಳಲ್ಲಿಯೂ ‘ಮಾನಸ್’ ಎಂಬ ಅಧ್ಯಯನ ನಡೆಸಿತು. ವೈದ್ಯಕೀಯ ಹಿನ್ನೆಲೆ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಅವರು ರೋಗಿಯನ್ನು ಮಾತನಾಡಿಸುವುದು, ಕಾಯಿಲೆಯನ್ನು ವಿವರಿಸುವುದು, ಬರದಿದ್ದವರನ್ನು ಹುಡುಕಿ ಕರೆತರುವುದು, ಅಗತ್ಯವಿದ್ದವರಿಗೆ ಮಾತ್ರ ವೈದ್ಯರಿಂದ ಮಾತ್ರೆ ಕೊಡಿಸುವುದು, ಕಷ್ಟದ ಪ್ರಕರಣವನ್ನು ಮನೋವೈದ್ಯರಿಗೆ ತೋರಿಸುವುದು, ಹೀಗೆ ಹಂತ ಹಂತದ ವ್ಯವಸ್ಥೆ ಅದು. 2010ರಲ್ಲಿ ಬಂದ ಫಲಿತಾಂಶದಂತೆ, ಸರ್ಕಾರಿ ಕೇಂದ್ರಗಳಲ್ಲಿ ಈ ವ್ಯವಸ್ಥೆಯಿದ್ದ ಕಡೆ ಆರು ತಿಂಗಳಲ್ಲಿ ಚೇತರಿಸಿಕೊಂಡವರು ಶೇಕಡ 65.9, ಇಲ್ಲದ ಕಡೆ ಶೇಕಡ 42.5. ಖಾಸಗಿ ಕ್ಲಿನಿಕ್ಕುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಈ ಅಂಕಿಯನ್ನು ನಾನು ನನ್ನ ಕೆಲಸಕ್ಕೇ ಹೋಲಿಸಿ ನೋಡಿಕೊಂಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಒಂದು ತಿಂಗಳ ಮಾತ್ರೆ ಬರೆದು ‘ಮುಂದಿನ ತಿಂಗಳು ಬನ್ನಿ’ ಎಂದು ಕಳಿಸುತ್ತಿದ್ದೆ. ಅನೇಕರು ಬರುತ್ತಿರಲಿಲ್ಲ. ವರ್ಷದ ಮೇಲೆ ಮತ್ತೆ ಬಂದಾಗ ಅದೇ ಚೀಟಿಯ ಮಡಿಕೆಯೊಳಗಿಂದ ಹತ್ತರ ಪಟ್ಟಿಯೊಂದನ್ನು ತೆಗೆದು ತೋರಿಸುತ್ತಿದ್ದರು, ನಾಲ್ಕು ಗುಳಿ ಖಾಲಿ, ಆರು ಮಾತ್ರೆ ಹಾಗೆಯೇ. ನಾಲ್ಕನೆಯ ದಿನ ಹೊಟ್ಟೆ ತೊಳಸಿತು, ಕೇಳಲು ಯಾರೂ ಇರಲಿಲ್ಲ, ನಿಲ್ಲಿಸಿದರು. ಅದು ರೋಗಿಯ ತಪ್ಪಾಗಿರಲಿಲ್ಲ. ಈಗ ಮೊದಲ ಭೇಟಿಯಲ್ಲಿ ಹತ್ತೇ ದಿನದ ಮಾತ್ರೆ ಬರೆಯುತ್ತೇನೆ, ಏನೇನು ಆಗಬಹುದೆಂದು ಮೊದಲೇ ಹೇಳುತ್ತೇನೆ, ಬರದಿದ್ದರೆ ಫೋನ್ ಮಾಡಿಸುತ್ತೇನೆ. ನಿಮ್ಮ ತಾಯಿಯವರ ಚಿಕಿತ್ಸೆ ಫಲಿಸುವುದೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಎರಡನೆಯ ವಾರ, ನಾಲ್ಕನೆಯ ವಾರ, ಆರನೆಯ ವಾರ ಅವರನ್ನು ತಪ್ಪದೆ ಕರೆದುಕೊಂಡು ಹೋಗಿ, ಪ್ರತಿ ಸಲವೂ ಆ ಒಂಬತ್ತು ಪ್ರಶ್ನೆಗಳನ್ನು ಮತ್ತೆ ಕೇಳುವಂತೆ ವೈದ್ಯರನ್ನು ವಿನಂತಿಸಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ತಾಯಿಯವರಿಗೆ ಒಪ್ಪಿಗೆಯಿದ್ದರೆ ಜೊತೆಗೆ ಸೇರಿಸಿಕೊಳ್ಳಿ.

ಮಾತ್ರೆಯ ಜೊತೆ ಮನೆಯಲ್ಲಿ ಮಾಡಬಹುದಾದ ಕೆಲಸವೂ ಇದೆ. 2017ರಲ್ಲಿ ಪ್ರಕಟವಾದ ಗೋವಾದ ಇನ್ನೊಂದು ಅಧ್ಯಯನದಲ್ಲಿ, ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಮಂದಿಯಲ್ಲಿ ಅರ್ಧ ಜನರಿಗೆ ತರಬೇತಿ ಪಡೆದ ಆಪ್ತಸಮಾಲೋಚಕರು ಆರರಿಂದ ಎಂಟು ಸಲ ಭೇಟಿ ಕೊಟ್ಟು, ಬಿಟ್ಟುಹೋದ ಚಟುವಟಿಕೆಗಳನ್ನು ಚೂರುಚೂರಾಗಿ ಮತ್ತೆ ಶುರುಮಾಡಿಸಿದರು. ಮೂರು ತಿಂಗಳಲ್ಲಿ ಅವರಲ್ಲಿ ಶೇಕಡ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಉಳಿದ ಗುಂಪಿನಲ್ಲಿ ಶೇಕಡ 39. ‘ಎದ್ದು ತೋಟಕ್ಕೆ ಹೋಗಮ್ಮ, ಎಲ್ಲ ಸರಿಹೋಗುತ್ತೆ’ ಎನ್ನುವುದಲ್ಲ ಇದು. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯದೆ, ಇಂತಿಷ್ಟು ಹೊತ್ತಿಗೆ ಇಂತಿಷ್ಟೇ ಎಂದು ಗೊತ್ತು ಮಾಡಿಕೊಂಡು, ಜೊತೆಗೆ ಒಬ್ಬರಿದ್ದು ಮಾಡುವುದು. ಬೆಳಗ್ಗೆ ಹಿತ್ತಲಿನ ಗಿಡಕ್ಕೆ ಎರಡು ತಂಬಿಗೆ ನೀರು, ವಾರ ಕಳೆದ ಮೇಲೆ ನಿಮ್ಮೊಡನೆ ಕಣದವರೆಗೆ ನಡಿಗೆ, ಆಮೇಲೆ ಹತ್ತು ನಿಮಿಷ ಕಾಫಿ ಹರವುವುದು. ಆಗದ ದಿನ ಬೈಯಬೇಡಿ, ಮರುದಿನ ಅಳತೆ ಕಡಿಮೆ ಮಾಡಿ.

ನಿಮ್ಮ ಮಾವನವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕಂಡಿರುವುದು ಬಹುಶಃ ಅಲ್ಪ್ರಜೋಲಾಂನಂಥ ನಿದ್ದೆ ಮಾತ್ರೆಗೆ ಅಂಟಿಕೊಂಡವರನ್ನು. ಅದು ಅಂದೇ ರಾತ್ರಿ ನಿದ್ದೆ ತರಿಸುತ್ತದೆ, ಕೆಲವು ವಾರಗಳಲ್ಲೇ ಅಭ್ಯಾಸವಾಗುತ್ತದೆ, ಪ್ರಮಾಣ ಏರುತ್ತಾ ಹೋಗುತ್ತದೆ, ಖಿನ್ನತೆಯನ್ನು ಗುಣಪಡಿಸುವುದಿಲ್ಲ. ಅದನ್ನು ತಿಂಗಳುಗಟ್ಟಲೆ ನುಂಗುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಎಸಿಟಾಲೋಪ್ರಾಂ ಆ ಜಾತಿಯದಲ್ಲ, ಅದಕ್ಕಾಗಿ ಹಪಹಪಿಸುವುದಾಗಲಿ ಪ್ರಮಾಣ ತಾನಾಗಿ ಏರುವುದಾಗಲಿ ಇರುವುದಿಲ್ಲ. ಆದರೂ ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ಚಡಪಡಿಕೆ, ಕೆಟ್ಟ ಕನಸು, ತಲೆಯೊಳಗೆ ಜುಮ್ಮೆಂದ ಅನುಭವ ಆಗುವುದುಂಟು. 2024ರಲ್ಲಿ ಪ್ರಕಟವಾದ, 79 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮಾತ್ರೆ ಬಿಟ್ಟವರಲ್ಲಿ ಶೇಕಡ 31ರಷ್ಟು ಮಂದಿಗೆ ಇಂಥ ಲಕ್ಷಣಗಳಿದ್ದವು, ಹುಸಿ ಮಾತ್ರೆ ಬಿಟ್ಟವರಲ್ಲೂ ಶೇಕಡ 17ರಷ್ಟು ಮಂದಿಗೆ ಇದ್ದವು. ಅಂದರೆ ಔಷಧಿಯೇ ಕಾರಣವೆನ್ನಬಹುದಾದದ್ದು ಆರೇಳು ಜನರಲ್ಲಿ ಒಬ್ಬರಿಗೆ. ಆದ್ದರಿಂದಲೇ ವೈದ್ಯರ ಸಲಹೆಯಂತೆ ವಾರಗಳ ಲೆಕ್ಕದಲ್ಲಿ ಇಳಿಸುತ್ತಾ ಬಿಡಬೇಕು.

ಎಷ್ಟು ದಿನ ನುಂಗಬೇಕು? ಗುಣವಾದ ಮೇಲೂ ಕನಿಷ್ಠ ಆರು ತಿಂಗಳು. ಮೊದಲ ಸಲ ಬಂದ ಖಿನ್ನತೆಯಾದರೆ ಆಮೇಲೆ ನಿಧಾನವಾಗಿ ಬಿಟ್ಟು ನೋಡಬಹುದು. ಪದೇ ಪದೇ ಬಂದವರ ಲೆಕ್ಕ ಬೇರೆ. ಇಂಗ್ಲೆಂಡಿನ 150 ಕ್ಲಿನಿಕ್ಕುಗಳಲ್ಲಿ, ಬಹುಕಾಲದಿಂದ ಮಾತ್ರೆ ನುಂಗುತ್ತಾ ಚೆನ್ನಾಗಿದ್ದ 478 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಆ್ಯಂಟ್ಲರ್’ ಅಧ್ಯಯನದಲ್ಲಿ, ಮುಂದುವರಿಸಿದವರಲ್ಲಿ ಶೇಕಡ 39 ಮಂದಿಗೂ ನಿಲ್ಲಿಸಿದವರಲ್ಲಿ ಶೇಕಡ 56 ಮಂದಿಗೂ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿತು. ನಿಲ್ಲಿಸಿದವರಲ್ಲೂ ಶೇಕಡ 44 ಮಂದಿ ಚೆನ್ನಾಗಿಯೇ ಇದ್ದರು ಎಂಬುದನ್ನು ನಿಮ್ಮ ಮಾವನವರಿಗೆ ಹೇಳಿ.

ಆರು ವಾರ ಸರಿಯಾಗಿ ನುಂಗಿದ ಮೇಲೂ ಅಂಕ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸುವುದು, ಔಷಧಿ ಬದಲಿಸುವುದು, ಮನೋಚಿಕಿತ್ಸೆ ಸೇರಿಸುವುದು ಎಂಬ ದಾರಿಗಳಿವೆ. ಮಾತ್ರೆಯಿಂದ ಗುಣ ಕಾಣದ ರೋಗಿಗಳಿಗೆ ಕುಟುಂಬ ವೈದ್ಯರ ಮಟ್ಟದಲ್ಲೇ ಚಿಂತನೆ-ವರ್ತನೆ ಚಿಕಿತ್ಸೆಯನ್ನು ಸೇರಿಸಿದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಆರು ತಿಂಗಳಲ್ಲಿ ಲಕ್ಷಣಗಳು ಅರ್ಧದಷ್ಟಾದರೂ ಕಡಿಮೆಯಾದವರು ಶೇಕಡ 46, ಬರೀ ಮಾಮೂಲು ಚಿಕಿತ್ಸೆಯವರಲ್ಲಿ ಶೇಕಡ 22. ಆ ಹಂತದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರದ ಬಗ್ಗೆ ವಿಚಾರಿಸಿ, ಇಲ್ಲವೇ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗಕ್ಕೆ ಬನ್ನಿ.

ಆರು ವಾರ ಕಾಯಬಾರದ ಸಂದರ್ಭಗಳೂ ಇವೆ. ತಾಯಿಯವರು ನಿದ್ದೆಯಿಲ್ಲದಿದ್ದರೂ ದಣಿವೇ ಇಲ್ಲದೆ ಅತಿಯಾಗಿ ಮಾತನಾಡುವುದು, ದುಡ್ಡು ಚೆಲ್ಲುವುದು ಶುರುವಾದರೆ, ಅಥವಾ ಹಿಂದೆ ಎಂದಾದರೂ ಹಾಗಾಗಿದ್ದರೆ, ಅದು ಬೇರೆ ಬಗೆಯ ಕಾಯಿಲೆಯ ಸೂಚನೆಯಾಗಿರಬಹುದು, ಕೂಡಲೇ ವೈದ್ಯರಿಗೆ ತಿಳಿಸಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಅವರು ಏನು ಉತ್ತರಿಸಿದರೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ, ನೀವೂ ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ನಮ್ಮ ಕಡೆ ತೋಟಕ್ಕೆ ಹೊಡೆಯುವ ವಿಷಕ್ಕೂ ಔಷಧಿ ಎಂದೇ ಹೆಸರು. ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಇರುವ ಆ ಬಾಟಲಿಗಳನ್ನು ಕಾಯಿಲೆ ವಾಸಿಯಾಗುವವರೆಗೆ ಮನೆಯಿಂದಲೇ ಆಚೆ ಇಡಿ, ಮಾತ್ರೆಯ ಪಟ್ಟಿಯೂ ನಿಮ್ಮ ಕೈಯಲ್ಲಿರಲಿ. ಅಂಥ ಮಾತು ಅವರ ಬಾಯಿಂದ ಬಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಹೊತ್ತಲ್ಲದ ಹೊತ್ತಿನಲ್ಲಿ ಮಾತನಾಡಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ತೋಟದ ಕೆಲಸ ಮಾಡಿದ ಈ ವಯಸ್ಸಿನವರಲ್ಲಿ ಮಂಡಿನೋವು, ಸೊಂಟನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುವ ರೂಢಿ ಬಹಳವಾಗಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ಮಾತ್ರೆಗಳು ಎಸಿಟಾಲೋಪ್ರಾಂ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ತಾಯಿಯವರು ಅಂಥದ್ದು ನುಂಗುತ್ತಿದ್ದರೆ, ಈ ವಾರ ಹೊಟ್ಟೆ ತೊಳಸುವ ವಿಷಯ ಹೇಳಲು ಹೋದಾಗ ಆ ಮಾತ್ರೆಗಳನ್ನೂ ಕೊಂಡೊಯ್ದು ವೈದ್ಯರಿಗೆ ತೋರಿಸಿ.